ಪ್ರೋಗ್ರಾಮಿಗೂ ಬೇಕು ಅಂಕಪಟ್ಟಿ

ಕಂಪ್ಯೂಟರ್ ಪ್ರೋಗ್ರಾಂ ಒಮ್ಮೆ ಓಡಿದ ಮಾತ್ರಕ್ಕೆ ಅದು ಸರಿಯಾಗಿದೆ ಎನ್ನಲಾಗದು. ಪರೀಕ್ಷೆ ಅದರ ಎಷ್ಟು ಭಾಗವನ್ನು ಮುಟ್ಟಿತು, ಅದರೊಳಗೆ ಎಷ್ಟು ಕವಲುಗಳಿವೆ ಎಂಬುದನ್ನು ಅಳೆಯುವ ವಿಧಾನಗಳಿವೆ. ಜಾವಾ ಕಲಿಯುವ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಯರಿಗೂ ಆ ಎರಡು ಅಳತೆಗೋಲುಗಳ ಪರಿಚಯ ಇಲ್ಲಿದೆ.

ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಯಾವುದು? ‘ಸರ್, ಔಟ್‌ಪುಟ್ ಬಂತು!’ ಈ ಮಾತಿನ ಹಿಂದೆ ಗಂಟೆಗಟ್ಟಲೆಯ ಶ್ರಮವಿರುತ್ತದೆ, ನಿಟ್ಟುಸಿರಿರುತ್ತದೆ. ಪರದೆಯ ಮೇಲೆ ನಿರೀಕ್ಷಿಸಿದ ಉತ್ತರ ಮೂಡಿತೆಂದರೆ ಪ್ರೋಗ್ರಾಂ ಮುಗಿಯಿತು, ರೆಕಾರ್ಡ್ ಪುಸ್ತಕಕ್ಕೆ ಸಹಿ ಬಿತ್ತು ಎಂದೇ ಲೆಕ್ಕ. ಆದರೆ ಅದೇ ವಿದ್ಯಾರ್ಥಿ ನಾಳೆ ತಂತ್ರಾಂಶ ಕಂಪನಿಯೊಂದಕ್ಕೆ ಸೇರಿದಾಗ ಕೇಳುವ ಪ್ರಶ್ನೆ ಬೇರೆ. ‘ಔಟ್‌ಪುಟ್ ಬಂತು, ಸರಿ. ಆದರೆ ಈ ಪ್ರೋಗ್ರಾಮಿನ ಎಷ್ಟು ಪಾಲನ್ನು ನೀವು ಪರೀಕ್ಷಿಸಿದ್ದೀರಿ?’

ಈ ಪ್ರಶ್ನೆಗೆ ‘ಚೆನ್ನಾಗಿ ಪರೀಕ್ಷಿಸಿದ್ದೇನೆ’ ಎಂಬ ಉತ್ತರ ಸಾಲದು, ಸಂಖ್ಯೆಯಲ್ಲಿ ಹೇಳಬೇಕು. ಹಾಗೆ ಹೇಳಲು ನೆರವಾಗುವ ಅಳತೆಗಳು ಎರಡು. ಒಂದು, ಪರೀಕ್ಷಾ ವ್ಯಾಪ್ತಿ ಅಥವಾ ‘ಟೆಸ್ಟ್ ಕವರೇಜ್’. ಇನ್ನೊಂದು, ರಚನೆಯ ತೊಡಕು ಅಥವಾ ‘ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ’. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಹತ್ತನೇ ತರಗತಿಯ ಗಣಿತ ಬಲ್ಲ ಯಾರಿಗಾದರೂ ಇವೆರಡೂ ಅರ್ಥವಾಗುತ್ತವೆ.

ಅಳತೆಗಳು ಎಲ್ಲ ಭಾಷೆಗಳಿಗೂ ಅನ್ವಯಿಸುತ್ತವೆಯಾದರೂ ಜಾವಾ ಭಾಷೆಯಲ್ಲಿ ಅವುಗಳ ಬಳಕೆ ವಿಶೇಷವಾಗಿ ಬೆಳೆದಿದೆ. ಅಮೆರಿಕದ ಸನ್ ಮೈಕ್ರೊಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗೊಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ ಈ ಭಾಷೆ 1995ರಲ್ಲಿ ಬೆಳಕಿಗೆ ಬಂತು. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡುಕೊಂಡಿತು. ಬ್ಯಾಂಕು, ವಿಮೆ, ದೂರಸಂಪರ್ಕದಂಥ ಕ್ಷೇತ್ರಗಳ ಬೃಹತ್ ತಂತ್ರಾಂಶಗಳಲ್ಲಿ ಜಾವಾ ಇಂದಿಗೂ ಭದ್ರವಾಗಿ ನಿಂತಿದೆ. ಬೆಂಗಳೂರಿನ ಕಂಪನಿಗಳಲ್ಲಿ ಅದನ್ನೇ ನೆಚ್ಚಿಕೊಂಡು ದುಡಿಯುವವರು ಅಸಂಖ್ಯ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿಯೂ ಜಾವಾ ಇದೆ.

ಒಂದು ಫಲಿತಾಂಶದ ಕಥೆ

ಒಂದು ಉದಾಹರಣೆ ನೋಡೋಣ. ಶಾಲೆಯೊಂದಕ್ಕೆ ಫಲಿತಾಂಶ ಸಿದ್ಧಪಡಿಸುವ ಪುಟ್ಟ ಜಾವಾ ಪ್ರೋಗ್ರಾಂ ಬೇಕು ಎಂದುಕೊಳ್ಳಿ. ನಿಯಮಗಳು ಸರಳ. ವಿದ್ಯಾರ್ಥಿ ಪರೀಕ್ಷೆಗೆ ಬಂದಿಲ್ಲದಿದ್ದರೆ ‘ಗೈರು’ ಎಂದು ಬರೆಯಬೇಕು. ಬಂದಿದ್ದು, ಅಂಕ 35ಕ್ಕಿಂತ ಕಡಿಮೆ ಇದ್ದರೆ ‘ಅನುತ್ತೀರ್ಣ’. ಅಂಕ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಪ್ರಥಮ ದರ್ಜೆ’. ಉಳಿದವರೆಲ್ಲ ‘ಉತ್ತೀರ್ಣ’.

ಜಾವಾದಲ್ಲಿ ಇದನ್ನು ಮೂರು ‘ಇಫ್’ ಪ್ರಶ್ನೆಗಳು ಮತ್ತು ನಾಲ್ಕು ಉತ್ತರಗಳಾಗಿ, ಒಟ್ಟು ಏಳು ಸಾಲುಗಳಲ್ಲಿ ಬರೆಯಬಹುದು. ಬರೆದ ವಿದ್ಯಾರ್ಥಿ 72 ಅಂಕ ಕೊಟ್ಟು ನೋಡುತ್ತಾನೆ. ‘ಪ್ರಥಮ ದರ್ಜೆ’ ಎಂದು ಬರುತ್ತದೆ. 48 ಕೊಟ್ಟು ನೋಡುತ್ತಾನೆ. ‘ಉತ್ತೀರ್ಣ’ ಎಂದು ಬರುತ್ತದೆ. ಎರಡೂ ಸರಿ. ಕೆಲಸ ಮುಗಿಯಿತು!

ನಿಜವಾಗಿ ಮುಗಿಯಿತೇ? ಲೆಕ್ಕ ಹಾಕಿ ನೋಡಿ. ಈ ಎರಡು ಪರೀಕ್ಷೆಗಳಲ್ಲಿ ಮೂರು ‘ಇಫ್’ ಸಾಲುಗಳೂ ‘ಪ್ರಥಮ ದರ್ಜೆ’, ‘ಉತ್ತೀರ್ಣ’ ಎಂಬ ಎರಡು ಉತ್ತರದ ಸಾಲುಗಳೂ ಕೆಲಸ ಮಾಡಿದವು. ‘ಗೈರು’, ‘ಅನುತ್ತೀರ್ಣ’ ಎಂಬ ಎರಡು ಸಾಲುಗಳನ್ನು ಗಣಕ ಒಮ್ಮೆಯೂ ಮುಟ್ಟಲಿಲ್ಲ. ಅಲ್ಲಿ ಕಾಗುಣಿತ ತಪ್ಪಿದ್ದರೂ, ‘ಅನುತ್ತೀರ್ಣ’ ಎನ್ನಬೇಕಾದಲ್ಲಿ ‘ಉತ್ತೀರ್ಣ’ ಎಂದೇ ಬರೆದುಬಿಟ್ಟಿದ್ದರೂ ತಿಳಿಯುವ ಬಗೆಯಿಲ್ಲ. ಏಳರಲ್ಲಿ ಐದು ಸಾಲು, ಅಂದರೆ ಶೇ 71. ಇದೇ ಈ ಪರೀಕ್ಷೆಗಳ ‘ಸಾಲುವಾರು ವ್ಯಾಪ್ತಿ’. ಚೆನ್ನಾಗಿ ಓದಿದ ಮಕ್ಕಳ ಅಂಕಗಳನ್ನು ಮಾತ್ರ ಕೊಟ್ಟು ಪರೀಕ್ಷಿಸಿದರೆ ಆಗುವುದು ಹೀಗೆಯೇ. ಪ್ರೋಗ್ರಾಂ ಬರೆಯುವವರ ಮನಸ್ಸು ಸಹಜವಾಗಿ ಸುಗಮವಾದ ಹಾದಿಯತ್ತಲೇ ವಾಲುತ್ತದೆ.

ಗಸ್ತು ಪುಸ್ತಕದ ಸಹಿ

ಏಳು ಸಾಲಿನ ಪ್ರೋಗ್ರಾಮಿನಲ್ಲಿ ಬೆರಳೆಣಿಸಿ ಲೆಕ್ಕ ಹಾಕಬಹುದು. ಲಕ್ಷಗಟ್ಟಲೆ ಸಾಲುಗಳಿದ್ದರೆ? ಅದಕ್ಕೆಂದೇ ಸಲಕರಣೆಗಳಿವೆ. ಪರೀಕ್ಷೆಯ ವೇಳೆ ಪ್ರೋಗ್ರಾಮಿನ ಯಾವ ಭಾಗಗಳು ಓಡಿದವು ಎಂದು ಗುರುತಿಸುವ ಆಲೋಚನೆ ಹೊಸದೇನಲ್ಲ. ಜೋನ್ ಮಿಲ್ಲರ್ ಮತ್ತು ಕ್ಲಿಫರ್ಡ್ ಮಲೋನಿ ಎಂಬ ಇಬ್ಬರು ಅಮೆರಿಕನ್ನರು 1963ರಷ್ಟು ಹಿಂದೆಯೇ ಈ ಕುರಿತು ಪ್ರಬಂಧ ಪ್ರಕಟಿಸಿದ್ದರು.

ಜಾವಾದಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ಇಂಥ ಸಲಕರಣೆಯ ಹೆಸರು ‘ಜಕೋಕೋ’. ‘ಜಾವಾ ಕೋಡ್ ಕವರೇಜ್’ ಎಂಬುದರ ಮೊಟಕು ರೂಪ. ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಇದಕ್ಕೂ ಮುನ್ನ ‘ಎಮ್ಮಾ’, ‘ಕೊಬೆರ್ತುರಾ’, ‘ಕ್ಲೋವರ್’ ಮುಂತಾದವು ಹೆಸರು ಮಾಡಿದ್ದವು. ‘ಕೊಬೆರ್ತುರಾ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ವ್ಯಾಪ್ತಿ ಎಂದೇ ಅರ್ಥ.

ಜಕೋಕೋ ಕೆಲಸ ಮಾಡುವ ಬಗೆ ಸ್ವಾರಸ್ಯಕರ. ಜಾವಾ ಪ್ರೋಗ್ರಾಂ ನೇರವಾಗಿ ಗಣಕದ ಭಾಷೆಗೆ ತರ್ಜುಮೆಯಾಗುವುದಿಲ್ಲ. ಮೊದಲು ‘ಬೈಟ್‌ಕೋಡ್’ ಎಂಬ ನಡುವಣ ಭಾಷೆಗೆ ಇಳಿಯುತ್ತದೆ. ಆ ಬೈಟ್‌ಕೋಡನ್ನು ಜಾವಾ ವರ್ಚುವಲ್ ಮೆಷಿನ್ ಓದಿಕೊಂಡು ನಡೆಸುತ್ತದೆ. ಬೈಟ್‌ಕೋಡ್ ಆ ಯಂತ್ರದೊಳಕ್ಕೆ ಹೋಗುವ ಬಾಗಿಲಲ್ಲೇ ಜಕೋಕೋ ನಿಂತಿರುತ್ತದೆ. ಆಯ್ದ ಜಾಗಗಳಲ್ಲಿ ‘ಪ್ರೋಬ್’ ಎಂಬ ಸಣ್ಣ ಗುರುತುಗಳನ್ನು ಸೇರಿಸಿ ಒಳಗೆ ಬಿಡುತ್ತದೆ. ಪ್ರೋಗ್ರಾಂ ಆ ಜಾಗವನ್ನು ಹಾದುಹೋದಾಗಲೆಲ್ಲ ಗುರುತು ‘ಹೌದು’ ಎಂದಾಗುತ್ತದೆ. ವಿದ್ಯಾರ್ಥಿ ಬರೆದ ಮೂಲ ಪ್ರೋಗ್ರಾಮಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ರಾತ್ರಿ ಗಸ್ತಿನ ಪೊಲೀಸರು ತಮ್ಮ ಬೀಟಿನಲ್ಲಿ ಅಲ್ಲಲ್ಲಿ ಇರಿಸಿದ ಪುಸ್ತಕಕ್ಕೆ ಸಹಿ ಹಾಕಿ ಹೋಗುವುದನ್ನು ನೋಡಿರಬಹುದು. ಬೆಳಗ್ಗೆ ಪುಸ್ತಕ ತೆರೆದರೆ ಯಾವ ಬೀದಿಗೆ ಅವರು ಬಂದಿದ್ದರು, ಯಾವ ಬೀದಿಗೆ ಬರಲಿಲ್ಲ ಎಂಬುದು ಗೊತ್ತಾಗುತ್ತದೆ. ಜಕೋಕೋ ಮಾಡುವುದೂ ಇಷ್ಟನ್ನೇ. ಕೊನೆಯಲ್ಲಿ ಅದು ಕೊಡುವ ವರದಿಯಲ್ಲಿ ಓಡಿದ ಸಾಲು ಹಸಿರಾಗಿ, ಓಡದ ಸಾಲು ಕೆಂಪಾಗಿ, ಅರೆಬರೆ ಓಡಿದ್ದು ಹಳದಿಯಾಗಿ ಕಾಣುತ್ತದೆ. ಆದರೆ ಒಂದು ಮಾತು ನೆನಪಿಡಬೇಕು. ಸಹಿ ಇದೆಯೆಂದರೆ ಪೊಲೀಸರು ಆ ಬೀದಿಗೆ ಬಂದಿದ್ದರು ಎಂದಷ್ಟೇ ಅರ್ಥ. ಬಂದವರು ಕಣ್ಣು ಬಿಟ್ಟು ನೋಡಿದರೇ ಎಂಬುದನ್ನು ಪುಸ್ತಕ ಹೇಳದು.

ಹಳದಿ ಸಾಲಿನ ಗುಟ್ಟು

ಸಾಲು ಅರೆಬರೆ ಓಡುವುದು ಹೇಗೆ? ನಮ್ಮ ಶಾಲೆಯ ಪ್ರೋಗ್ರಾಮಿಗೆ ಇನ್ನೊಂದು ನಿಯಮ ಸೇರಿಸೋಣ. ವಿದ್ಯಾರ್ಥಿ ಕ್ರೀಡಾಪಟುವಾಗಿದ್ದರೆ ಆತನ ಕ್ರೀಡೆಯ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಆ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆಯೆಂದು ಎಣಿಸಿ, ಪ್ರಮಾಣಪತ್ರದಲ್ಲಿ ಜಾಗ ಹೊಂದಿಸಿ ಮುದ್ರಿಸಬೇಕು. ಇಲ್ಲಿ ‘ಇಫ್’ ಇದೆ, ‘ಎಲ್ಸ್’ ಇಲ್ಲ.

ಒಬ್ಬ ಕಬಡ್ಡಿ ಆಟಗಾರನ ವಿವರ ಕೊಟ್ಟು ಪರೀಕ್ಷಿಸಿದರೆ ಸಾಕು, ಎಲ್ಲ ಸಾಲುಗಳೂ ಓಡುತ್ತವೆ. ಸಾಲುವಾರು ವ್ಯಾಪ್ತಿ ಶೇ 100. ಆದರೆ ಕ್ರೀಡಾಪಟುವಲ್ಲದ ವಿದ್ಯಾರ್ಥಿ ಬಂದಾಗ? ಕ್ರೀಡೆಯ ಹೆಸರೇ ಇಲ್ಲ. ಇಲ್ಲದ ಹೆಸರಿನ ಅಕ್ಷರ ಎಣಿಸಲು ಹೊರಟ ಪ್ರೋಗ್ರಾಂ ‘ನಲ್ ಪಾಯಿಂಟರ್ ಎಕ್ಸೆಪ್ಶನ್’ ಎಂದು ಚೀರಿ ನಿಂತುಬಿಡುತ್ತದೆ. ಜಾವಾ ಕಲಿತ ಎಲ್ಲರಿಗೂ ಈ ಹೆಸರು ಚಿರಪರಿಚಿತ. ಶಾಲೆಯ ಬಹುಪಾಲು ಮಕ್ಕಳ ಪ್ರಮಾಣಪತ್ರ ಮುದ್ರಣವಾಗುವುದೇ ಇಲ್ಲ!

ಆದ್ದರಿಂದಲೇ ಬಲ್ಲವರು ಸಾಲುಗಳ ಬದಲು ಕವಲುಗಳನ್ನು ಎಣಿಸುತ್ತಾರೆ. ಪ್ರತಿಯೊಂದು ‘ಇಫ್’ ಪ್ರಶ್ನೆಗೂ ‘ಹೌದು’ ಎಂಬ ಒಂದು ಕವಲು, ‘ಅಲ್ಲ’ ಎಂಬ ಇನ್ನೊಂದು ಕವಲು. ಎರಡರಲ್ಲೂ ನಡೆದು ನೋಡಿದರೆ ಮಾತ್ರ ಪೂರ್ಣ ಅಂಕ. ಮೊದಲಿನ ಫಲಿತಾಂಶದ ಪ್ರೋಗ್ರಾಮಿನಲ್ಲಿ ಮೂರು ಪ್ರಶ್ನೆ, ಆರು ಕವಲು. 72 ಮತ್ತು 48 ಎಂಬ ಎರಡು ಪರೀಕ್ಷೆಗಳು ಮುಟ್ಟಿದ್ದು ನಾಲ್ಕು ಕವಲುಗಳನ್ನು ಮಾತ್ರ. ಶೇ 71 ಇದ್ದದ್ದು ಶೇ 67ಕ್ಕೆ ಇಳಿಯಿತು. ಇದೇ ‘ಬ್ರಾಂಚ್ ಕವರೇಜ್’.

ಪ್ರಾಣಾಪಾಯದ ಕೆಲಸಗಳಲ್ಲಿ ಇನ್ನೂ ಬಿಗಿಯಾದ ಅಳತೆಯುಂಟು. ವಿಮಾನಗಳ ತಂತ್ರಾಂಶಕ್ಕೆ ಅನ್ವಯಿಸುವ ‘ಡಿಒ-178ಸಿ’ ಎಂಬ 2011ರ ಮಾನದಂಡ, ಕೆಟ್ಟರೆ ವಿಮಾನವೇ ಉರುಳಬಹುದಾದಂಥ ಪ್ರೋಗ್ರಾಮುಗಳಲ್ಲಿ ಕವಲನ್ನಷ್ಟೇ ಪರೀಕ್ಷಿಸಿದರೆ ಒಪ್ಪುವುದಿಲ್ಲ. ಒಂದು ಪ್ರಶ್ನೆಯೊಳಗೆ ‘ಮತ್ತು’, ‘ಅಥವಾ’ ಸೇರಿಸಿ ಹಲವು ಷರತ್ತುಗಳಿದ್ದರೆ, ಒಂದೊಂದು ಷರತ್ತೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದೆಂದು ತೋರಿಸಬೇಕು.

ಸೇತುವೆಯಿಂದ ಪ್ರೋಗ್ರಾಮಿಗೆ

ಇನ್ನು ಎರಡನೆಯ ಅಳತೆ. ಇದರ ಬೇರು ಇರುವುದು 1736ರಲ್ಲಿ. ಇಂದು ರಷ್ಯಾದ ಕಲಿನಿನ್‌ಗ್ರಾಡ್ ಎನಿಸಿರುವ ಕೋನಿಗ್ಸ್‌ಬರ್ಗ್ ನಗರದಲ್ಲಿ ಏಳು ಸೇತುವೆಗಳಿದ್ದವು. ಒಂದೊಂದನ್ನೂ ಒಮ್ಮೆ ಮಾತ್ರ ದಾಟಿ ಊರು ಸುತ್ತಲಾದೀತೇ ಎಂಬ ಒಗಟನ್ನು ಬಿಡಿಸಹೊರಟ ಗಣಿತಜ್ಞ ಆಯ್ಲರ್, ಆಗದು ಎಂದು ಸಾಧಿಸಿ ತೋರಿಸಿದರು. ಊರಿನ ನೆಲ, ನೀರನ್ನೆಲ್ಲ ಬದಿಗಿಟ್ಟು ನಿಲ್ದಾಣಗಳು ಮತ್ತು ಅವನ್ನು ಸೇರಿಸುವ ಹಾದಿಗಳನ್ನಷ್ಟೇ ನೋಡುವ ಆ ಕ್ರಮ ಮುಂದೆ ‘ಗ್ರಾಫ್ ಸಿದ್ಧಾಂತ’ವಾಗಿ ಬೆಳೆಯಿತು.

ಅಮೆರಿಕದ ಟಾಮಸ್ ಮೆಕೇಬ್ ಈ ಸಿದ್ಧಾಂತವನ್ನು 1976ರಲ್ಲಿ ಪ್ರೋಗ್ರಾಮುಗಳಿಗೆ ಅನ್ವಯಿಸಿದರು. ಅವರು ಉದಾಹರಣೆಗೆ ತೆಗೆದುಕೊಂಡದ್ದು ಫೋರ್ಟ್ರಾನ್ ಪ್ರೋಗ್ರಾಮುಗಳನ್ನು. ಜಾವಾ ಹುಟ್ಟಲು ಇನ್ನೂ ಎರಡು ದಶಕ ಬಾಕಿಯಿತ್ತು. ಪ್ರೋಗ್ರಾಮಿನ ಪ್ರತಿ ಹೆಜ್ಜೆ ಒಂದು ನಿಲ್ದಾಣ, ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗುವುದು ಒಂದು ರಸ್ತೆ ಎಂದುಕೊಂಡು ನಕ್ಷೆ ಬರೆಯಿರಿ. ರಸ್ತೆಗಳ ಸಂಖ್ಯೆಯಿಂದ ನಿಲ್ದಾಣಗಳ ಸಂಖ್ಯೆ ಕಳೆದು 2 ಕೂಡಿಸಿ. ಬರುವ ಉತ್ತರವೇ ಪ್ರೋಗ್ರಾಮಿನ ತೊಡಕು.

ಫಲಿತಾಂಶದ ಪ್ರೋಗ್ರಾಮಿಗೇ ಇದನ್ನು ಹಚ್ಚಿ ನೋಡಿ. ಮೂರು ಪ್ರಶ್ನೆ, ನಾಲ್ಕು ಉತ್ತರ, ಒಂದು ಮುಕ್ತಾಯ: ಒಟ್ಟು 8 ನಿಲ್ದಾಣ. ಪ್ರತಿ ಪ್ರಶ್ನೆಯಿಂದ ಎರಡರಂತೆ 6 ರಸ್ತೆ, ನಾಲ್ಕು ಉತ್ತರಗಳಿಂದ ಮುಕ್ತಾಯಕ್ಕೆ 4 ರಸ್ತೆ: ಒಟ್ಟು 10. ಹತ್ತರಲ್ಲಿ ಎಂಟು ಕಳೆದು ಎರಡು ಕೂಡಿಸಿದರೆ 4. ನಕ್ಷೆ ಬರೆಯುವ ಗೋಜೇ ಬೇಡವೆನ್ನುವವರಿಗೆ ಅಡ್ಡದಾರಿಯೂ ಉಂಟು. ಪ್ರಶ್ನೆಗಳನ್ನು ಎಣಿಸಿ ಒಂದು ಕೂಡಿಸಿದರೆ ಸಾಕು. ಮೂರು ಮತ್ತೊಂದು ನಾಲ್ಕು! ಜಾವಾದಲ್ಲಿ ‘ಇಫ್’ ಮಾತ್ರವಲ್ಲ, ‘ಫಾರ್’, ‘ವೈಲ್’ ಎಂಬ ಸುತ್ತುಗಳು, ‘ಸ್ವಿಚ್’ನೊಳಗಿನ ಪ್ರತಿ ‘ಕೇಸ್’, ಷರತ್ತುಗಳ ನಡುವಣ ‘ಮತ್ತು’, ‘ಅಥವಾ’ ಚಿಹ್ನೆಗಳು ಎಲ್ಲವನ್ನೂ ಸಾಮಾನ್ಯವಾಗಿ ಪ್ರಶ್ನೆಗಳೆಂದೇ ಎಣಿಸಲಾಗುತ್ತದೆ. ಸಲಕರಣೆಯಿಂದ ಸಲಕರಣೆಗೆ ಎಣಿಕೆಯಲ್ಲಿ ತುಸು ವ್ಯತ್ಯಾಸವಿರುತ್ತದೆ. ದೋಷ ಹಿಡಿಯುವ ‘ಕ್ಯಾಚ್’ ಭಾಗವನ್ನು ಕೆಲವು ಎಣಿಸುತ್ತವೆ, ಜಕೋಕೋ ಎಣಿಸುವುದಿಲ್ಲ.

ಈ 4ಕ್ಕೆ ಏನರ್ಥ? ಒಂದಕ್ಕಿಂತ ಒಂದು ಬೇರೆಯಾದ ನಾಲ್ಕು ಮೂಲ ಹಾದಿಗಳು ಈ ಪ್ರೋಗ್ರಾಮಿನಲ್ಲಿವೆ ಎಂದು. ಅಂದರೆ ಅವನ್ನೆಲ್ಲ ನಡೆದು ನೋಡಲು ಕಡಿಮೆಯೆಂದರೂ ನಾಲ್ಕು ಪರೀಕ್ಷೆ ಬೇಕು. ನಮ್ಮ ವಿದ್ಯಾರ್ಥಿ ಮಾಡಿದ್ದು ಎರಡು. ಬಾಕಿ ಎಷ್ಟೆಂದು ಯಾರೂ ಹೇಳಿಕೊಡಬೇಕಿಲ್ಲ.

ಸಾಧ್ಯವಿರುವ ಎಲ್ಲ ಹಾದಿಗಳನ್ನೂ ಏಕೆ ಪರೀಕ್ಷಿಸಬಾರದು ಎಂದು ಕೇಳಬಹುದು. ಒಂದರ ಕೆಳಗೊಂದರಂತೆ ಹತ್ತು ‘ಇಫ್’ಗಳಿದ್ದರೆ ಹಾದಿಗಳು 1,024. ಇಪ್ಪತ್ತಿದ್ದರೆ ಹತ್ತು ಲಕ್ಷ ಮೀರುತ್ತವೆ. ಮೂವತ್ತಿದ್ದರೆ ನೂರು ಕೋಟಿಯನ್ನೂ ದಾಟುತ್ತವೆ. ಚದುರಂಗದ ಮನೆಗಳಲ್ಲಿ ಅಕ್ಕಿಕಾಳು ಇಟ್ಟ ಕಥೆಯೇ ಇದು. ಮೆಕೇಬ್ ಅವರ ಲೆಕ್ಕದಲ್ಲಾದರೋ ಈ ಮೂರಕ್ಕೆ ತೊಡಕು ಕ್ರಮವಾಗಿ 11, 21, 31 ಅಷ್ಟೇ. ಮಾಡಲಾಗದ ಕೆಲಸವನ್ನು ಮಾಡಬಹುದಾದ ಅಳತೆಗೆ ತಂದದ್ದೇ ಅವರ ಹೆಗ್ಗಳಿಕೆ.

ಒಂದು ತುಣುಕಿನ ತೊಡಕು 10ನ್ನು ಮೀರದಿದ್ದರೆ ಒಳ್ಳೆಯದು ಎಂದು ಮೆಕೇಬ್ ಸಲಹೆ ಮಾಡಿದ್ದರು. ಅದು ಮಂತ್ರದ ಸಂಖ್ಯೆಯೇನೂ ಅಲ್ಲ ಎಂದೂ ಅವರೇ ಸೇರಿಸಿದ್ದರು. ಮನುಷ್ಯ ಒಮ್ಮೆಗೆ ತಲೆಯಲ್ಲಿ ಇಟ್ಟುಕೊಳ್ಳಬಹುದಾದ ಕವಲುಗಳಿಗೆ ಮಿತಿಯುಂಟು. ಅದನ್ನು ಮೀರಿದ ತುಣುಕನ್ನು ತಿದ್ದಲು ಹೋದವರು ಒಂದು ಕಡೆ ಸರಿಪಡಿಸಿ ಇನ್ನೊಂದು ಕಡೆ ಕೆಡಿಸುತ್ತಾರೆ.

ಎರಡೂ ಸೇರಿದಾಗ

ವ್ಯಾಪ್ತಿಯೊಂದನ್ನೇ ನೋಡಿದರೆ ಮೋಸಹೋಗುವ ಸಂಭವವಿದೆ. ಸರಳವಾದ ತುಣುಕುಗಳನ್ನೆಲ್ಲ ಪರೀಕ್ಷಿಸಿ, ಅತ್ಯಂತ ಜಟಿಲವಾದ ಒಂದನ್ನು ಬಿಟ್ಟುಬಿಟ್ಟರೂ ಒಟ್ಟು ಶೇ 90 ಬರಬಹುದು. ಹಾಗೆಯೇ ತೊಡಕನ್ನಷ್ಟೇ ನೋಡಿದರೂ ಸಾಲದು. ಜಟಿಲವಾದರೂ ಚೆನ್ನಾಗಿ ಪರೀಕ್ಷೆಗೊಳಗಾದ ತುಣುಕನ್ನು ವಿನಾಕಾರಣ ದೂರಿದಂತಾಗುತ್ತದೆ.

ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಪಡೆಯುವ ಯತ್ನವನ್ನು 2007ರಲ್ಲಿ ಆಲ್ಬರ್ಟೊ ಸವೋಯಾ ಮತ್ತು ಬಾಬ್ ಇವಾನ್ಸ್ ಜಾವಾಕ್ಕೆಂದೇ ಮಾಡಿದರು. ಅವರು ಅದಕ್ಕಿಟ್ಟ ಹೆಸರು ‘ಕ್ರ್ಯಾಪ್’. ಇಂಗ್ಲಿಷ್ ಆಡುಮಾತಿನಲ್ಲಿ ಕೆಲಸಕ್ಕೆ ಬಾರದ ಕಸ ಎಂದರ್ಥ; ತುಂಟತನದಿಂದಲೇ ಇಟ್ಟ ಹೆಸರು. ತಿದ್ದಲು ಹೋದರೆ ಎಷ್ಟು ಅಪಾಯ ಎಂದು ಮುಂಚಿತವಾಗಿ ಸೂಚಿಸುವುದು ಇದರ ಉದ್ದೇಶ.

ಸೂತ್ರ ಹೀಗಿದೆ. ಪರೀಕ್ಷೆ ಮುಟ್ಟದ ಪಾಲನ್ನು ದಶಮಾಂಶದಲ್ಲಿ ಬರೆದು ಅದರ ಘನ ತೆಗೆದುಕೊಳ್ಳಿ. ಅದನ್ನು ತೊಡಕಿನ ವರ್ಗದಿಂದ ಗುಣಿಸಿ. ಬಂದದ್ದಕ್ಕೆ ತೊಡಕನ್ನು ಕೂಡಿಸಿ. ಉತ್ತರ 30ನ್ನು ಮೀರಿದರೆ ಆ ತುಣುಕು ಅಪಾಯಕಾರಿ.

ತೊಡಕು 10 ಇರುವ ತುಣುಕನ್ನು ಪರೀಕ್ಷಿಸಿಯೇ ಇಲ್ಲವೆನ್ನಿ. ಹತ್ತರ ವರ್ಗ 100, ಅದಕ್ಕೆ 10 ಕೂಡಿದರೆ 110. ಅಪಾಯ! ಅರ್ಧದಷ್ಟು ಪರೀಕ್ಷಿಸಿದರೆ 0.5ರ ಘನ 0.125, ನೂರರಿಂದ ಗುಣಿಸಿದರೆ 12.5, ಹತ್ತು ಕೂಡಿದರೆ 22.5. ಪರವಾಗಿಲ್ಲ. ತೊಡಕು 25 ಇದ್ದರೆ 30ರೊಳಗೆ ಇರಲು ಶೇ 80 ವ್ಯಾಪ್ತಿ ಬೇಕಾಗುತ್ತದೆ. ತೊಡಕು 31 ಆಯಿತೋ, ಶೇ 100 ಪರೀಕ್ಷಿಸಿದರೂ ಉತ್ತರ 31. ಅಂದರೆ ಇಂಥ ತುಣುಕಿಗೆ ಇನ್ನಷ್ಟು ಪರೀಕ್ಷೆ ಬರೆಯುವುದು ಪರಿಹಾರವಲ್ಲ, ಅದನ್ನು ಒಡೆದು ಸಣ್ಣ ತುಣುಕುಗಳಾಗಿಸಬೇಕು ಎಂದು ಸೂತ್ರವೇ ಹೇಳುತ್ತದೆ. ಒಡೆದರೆ ಒಟ್ಟು ಪ್ರಶ್ನೆಗಳೇನೂ ಮಾಯವಾಗುವುದಿಲ್ಲ, ನಿಜ. ಆದರೆ ಒಂದೊಂದು ತುಣುಕನ್ನೂ ಬಿಡಿಯಾಗಿ ಓದಿ, ಬಿಡಿಯಾಗಿ ಪರೀಕ್ಷಿಸಬಹುದು. ಮೂವತ್ತು ಹಾಗಲದ ಒಗಟನ್ನು ಐದೈದರಂತೆ ಬಿಡಿಸಿದ ಹಾಗೆ.

ಪೂರ್ಣಾಂಕ ಬಂದರೂ ತಪ್ಪು

ಇಷ್ಟೆಲ್ಲ ಕೇಳಿದ ಮೇಲೆ, ತೊಡಕು ಕಡಿಮೆ ಇಟ್ಟು ಶೇ 100 ವ್ಯಾಪ್ತಿ ಸಾಧಿಸಿದರೆ ಪ್ರೋಗ್ರಾಂ ನಿರ್ದೋಷಿ ಎಂದು ಅನಿಸಬಹುದು. ಇಲ್ಲಿಯೇ ಇರುವುದು ಎಚ್ಚರಿಕೆಯ ಮಾತು.

ನಮ್ಮ ವಿದ್ಯಾರ್ಥಿ ಬುದ್ಧಿ ಕಲಿತು ಇನ್ನೆರಡು ಪರೀಕ್ಷೆ ಸೇರಿಸಿದ ಎನ್ನೋಣ: 20 ಅಂಕದವನೊಬ್ಬ, ಗೈರಾದವನೊಬ್ಬ. ನಾಲ್ಕಕ್ಕೂ ಸರಿಯುತ್ತರ. ಏಳೂ ಸಾಲು ಹಸಿರು, ಆರೂ ಕವಲು ಹಸಿರು. ತೊಡಕು ಬರೀ 4. ಆದರೆ ‘35ಕ್ಕಿಂತ ಕಡಿಮೆ’ ಎಂದು ಬರೆಯಬೇಕಾದಲ್ಲಿ ಆತ ‘35 ಅಥವಾ ಅದಕ್ಕಿಂತ ಕಡಿಮೆ’ ಎಂದು ಬರೆದಿದ್ದರೆ? ಸರಿಯಾಗಿ 35 ಅಂಕ ಪಡೆದು ತೇರ್ಗಡೆಯಾಗಬೇಕಿದ್ದ ಹುಡುಗಿಯ ಹೆಸರಿನ ಮುಂದೆ ‘ಅನುತ್ತೀರ್ಣ’ ಎಂದು ಮುದ್ರಣವಾಗುತ್ತದೆ. ಅಳತೆಗೋಲು ಎರಡೂ ಪೂರ್ಣಾಂಕ ಕೊಟ್ಟ ಪ್ರೋಗ್ರಾಮಿನಲ್ಲಿ, ಒಂದೇ ಒಂದು ಸಮಚಿಹ್ನೆಯಿಂದ.

ಇದು ಬರೀ ಕಲ್ಪನೆಯಲ್ಲ. ಜಾವಾದ ಸ್ವಂತ ಗ್ರಂಥಾಲಯದಲ್ಲಿಯೇ ಇಂಥದೊಂದು ಪ್ರಸಂಗ ನಡೆದಿದೆ. ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಬೇಕಾದುದನ್ನು ಹುಡುಕುವ ‘ಬೈನರಿ ಸರ್ಚ್’ ಎಂಬ ವಿಧಾನವಿದೆ. ನಿಘಂಟಿನಲ್ಲಿ ಪದ ಹುಡುಕುವಾಗ ನಡುಪುಟ ತೆರೆದು, ಪದ ಮೊದಲರ್ಧದಲ್ಲಿದೆಯೋ ಎರಡನೆಯ ಅರ್ಧದಲ್ಲಿದೆಯೋ ನೋಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋಗುವ ಕ್ರಮವೇ ಇದು. ಹತ್ತಾರು ಸಾಲಿನ ಪ್ರೋಗ್ರಾಂ. ಒಂದು ಸುತ್ತು, ಎರಡು ಪ್ರಶ್ನೆ; ತೊಡಕು ಬರೀ 4. ಜೋಶುವಾ ಬ್ಲಾಕ್ ಎಂಬ ನುರಿತ ಎಂಜಿನಿಯರ್ ಅದನ್ನು ಜಾವಾಕ್ಕಾಗಿ ಬರೆದರು. ಅವರು ಅನುಸರಿಸಿದ ಮಾದರಿ ಜಾನ್ ಬೆಂಟ್ಲಿ ಅವರದು. ಬೆಂಟ್ಲಿ ಅದು ಸರಿಯೆಂದು ತರ್ಕಬದ್ಧವಾಗಿ ಸಾಧಿಸಿಯೂ ತೋರಿಸಿದ್ದರು.

ಆದರೂ ಅದರಲ್ಲಿ ದೋಷವಿತ್ತು. ನಡುಪುಟ ಕಂಡುಹಿಡಿಯಲು ಪ್ರೋಗ್ರಾಂ ಎರಡು ತುದಿಯ ಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸುತ್ತಿತ್ತು. ಜಾವಾದ ಸಾಮಾನ್ಯ ಪೂರ್ಣಾಂಕದ ಗರಿಷ್ಠ ಮಿತಿ 2,14,74,83,647. ಪಟ್ಟಿಯಲ್ಲಿ ನೂರು ಕೋಟಿಗೂ ಮಿಗಿಲಾದ ಅಂಶಗಳಿದ್ದಾಗ ಆ ಕೂಡಿಕೆ ಈ ಮಿತಿಯನ್ನು ದಾಟಿ ಋಣಸಂಖ್ಯೆಯಾಗಿಬಿಡುತ್ತಿತ್ತು. ‘ಋಣ’ ಪುಟಸಂಖ್ಯೆಯ ಪುಟವನ್ನು ತೆರೆಯುವುದಾದರೂ ಹೇಗೆ? ಪ್ರೋಗ್ರಾಂ ಮುಗ್ಗರಿಸುತ್ತಿತ್ತು. ಯಾರದೋ ಪ್ರೋಗ್ರಾಂ ಹೀಗೆ ಕೆಟ್ಟು ದೂರು ಬಂದಾಗಲಷ್ಟೇ ವಿಷಯ ಹೊರಬಿತ್ತು. ಸುಮಾರು ಒಂಬತ್ತು ವರ್ಷ ದೋಷ ಅಡಗಿ ಕುಳಿತಿತ್ತು ಎಂದು ಬ್ಲಾಕ್ ಅವರೇ 2006ರಲ್ಲಿ ಬರೆದು ಪ್ರಕಟಿಸಿದರು. ಎರಡೇ ಎರಡು ಪರೀಕ್ಷೆಗಳಿಂದ ಈ ಪ್ರೋಗ್ರಾಮಿನ ಎಲ್ಲ ಕವಲುಗಳನ್ನೂ ಹಸಿರಾಗಿಸಬಹುದು. ಆದರೂ ದೋಷ ಕಾಣದು. ಕವಲು ತಪ್ಪಿರಲಿಲ್ಲ, ಕೂಡಿಕೆ ತಪ್ಪಿತ್ತು.

ಪರೀಕ್ಷೆಯಿಂದ ದೋಷ ಇದೆಯೆಂದು ತೋರಿಸಬಹುದೇ ಹೊರತು ಇಲ್ಲವೆಂದು ಸಾಧಿಸಲಾಗದು ಎಂದು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ ದಶಕಗಳ ಹಿಂದೆಯೇ ಎಚ್ಚರಿಸಿದ್ದರು. ಆ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಅಂಕಕ್ಕಾಗಿ ಓದು

ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಆಡಿದ ಮಾತು ಇಂದು ಈ ರೂಪದಲ್ಲಿ ಪ್ರಚಲಿತವಾಗಿದೆ. ಮಕ್ಕಳನ್ನು ಓದಿಸುತ್ತಿರುವ ತಂದೆತಾಯಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲಿಕೆಯನ್ನು ಅಳೆಯಲೆಂದು ಬಂದ ಅಂಕವೇ ಗುರಿಯಾದಾಗ ಗೈಡುಗಳು ಹುಟ್ಟಿಕೊಳ್ಳುತ್ತವೆ, ಬಾಯಿಪಾಠ ಶುರುವಾಗುತ್ತದೆ.

ತಂತ್ರಾಂಶದಲ್ಲಿಯೂ ಅಷ್ಟೇ. ‘ಶೇ 80 ವ್ಯಾಪ್ತಿ ಕಡ್ಡಾಯ’ ಎಂದು ಆಜ್ಞೆ ಹೊರಡಿಸಿದರೆ, ಪ್ರೋಗ್ರಾಮನ್ನು ಓಡಿಸಿ ಉತ್ತರವನ್ನು ನೋಡದೆಯೇ ಬಿಟ್ಟುಬಿಡುವ ಪರೀಕ್ಷೆಗಳನ್ನು ಬರೆಯಬಹುದು. ಜಾವಾದಲ್ಲಿ ಪರೀಕ್ಷೆ ಬರೆಯಲು ಬಳಸುವ ಪ್ರಸಿದ್ಧ ಚೌಕಟ್ಟು ‘ಜೆಯುನಿಟ್’. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬಿಬ್ಬರು 1997ರಲ್ಲಿ ಜೂರಿಕ್‌ನಿಂದ ಅಟ್ಲಾಂಟಾಕ್ಕೆ ಹಾರುತ್ತಿದ್ದ ವಿಮಾನದಲ್ಲಿ ಕುಳಿತು ಅದರ ಮೊದಲ ರೂಪ ಬರೆದರಂತೆ. ಬಂದ ಉತ್ತರ ನಿರೀಕ್ಷೆಯಂತೆ ಇದೆಯೇ ಎಂದು ತಾಳೆ ನೋಡುವ ‘ಅಸರ್ಟ್’ ಸಾಲು ಅದರ ಜೀವಾಳ. ಆ ಸಾಲನ್ನೇ ಬಿಟ್ಟರೂ ಜಕೋಕೋ ಹಸಿರು ಬಣ್ಣವನ್ನೇ ತೋರಿಸುತ್ತದೆ. ಗಸ್ತು ಪುಸ್ತಕಕ್ಕೆ ಸಹಿ ಬಿದ್ದಿದೆ, ಕಣ್ಣು ಮುಚ್ಚಿತ್ತು!

ಕೆನಡಾದ ಲಾರಾ ಇನೊಜೆಮ್‌ತ್ಸೇವಾ ಮತ್ತು ರೀಡ್ ಹೋಮ್ಸ್ 2014ರಲ್ಲಿ ಐದು ದೊಡ್ಡ ಜಾವಾ ತಂತ್ರಾಂಶಗಳನ್ನು ಆಯ್ದು, 31,000 ಪರೀಕ್ಷಾ ಗುಚ್ಛಗಳನ್ನು ರಚಿಸಿ ಈ ವಿಷಯವನ್ನೇ ಒರೆಗೆ ಹಚ್ಚಿದರು. ಪರೀಕ್ಷೆಗಳ ಸಂಖ್ಯೆಯನ್ನು ಸಮನಾಗಿಟ್ಟು ಹೋಲಿಸಿದಾಗ, ವ್ಯಾಪ್ತಿ ಹೆಚ್ಚಿದ್ದಕ್ಕೂ ದೋಷ ಹಿಡಿಯುವ ಶಕ್ತಿಗೂ ಬಲವಾದ ನಂಟು ಕಾಣಲಿಲ್ಲ. ಪರೀಕ್ಷೆ ಎಲ್ಲಿ ನಡೆದಿಲ್ಲ ಎಂದು ತಿಳಿಯಲು ವ್ಯಾಪ್ತಿ ಒಳ್ಳೆಯದು, ಆದರೆ ಪರೀಕ್ಷೆಯ ಗುಣಮಟ್ಟಕ್ಕೆ ಅದನ್ನೇ ಗುರಿಯಾಗಿಸಬಾರದು ಎಂಬುದು ಅವರ ನಿಲುವು.

ಹಾಗಾದರೆ ಪರೀಕ್ಷೆಯನ್ನೇ ಪರೀಕ್ಷಿಸುವುದು ಹೇಗೆ? ರಿಚರ್ಡ್ ಡಿಮಿಲೊ, ರಿಚರ್ಡ್ ಲಿಪ್ಟನ್, ಫ್ರೆಡರಿಕ್ ಸೇವರ್ಡ್ 1978ರಲ್ಲಿ ಪ್ರಕಟಿಸಿದ ಉಪಾಯ ಚತುರವಾದುದು. ಪ್ರೋಗ್ರಾಮಿನಲ್ಲಿ ಬೇಕೆಂದೇ ಒಂದು ಸಣ್ಣ ಬದಲಾವಣೆ ಮಾಡಿ ಪರೀಕ್ಷೆಗಳನ್ನು ಮತ್ತೆ ಓಡಿಸಬೇಕು. ಯಾವುದಾದರೂ ಪರೀಕ್ಷೆ ‘ತಪ್ಪು’ ಎಂದರೆ ಅದು ಎಚ್ಚರವಾಗಿದೆ ಎಂದರ್ಥ. ಎಲ್ಲವೂ ‘ಸರಿ’ ಎಂದರೆ ನಿದ್ದೆ ಹೋಗಿವೆ. ಜಾವಾದಲ್ಲಿ ಈ ಕೆಲಸ ಮಾಡುವ ಉಚಿತ ಸಲಕರಣೆ ‘ಪಿಟ್’. ‘ಅಥವಾ ಸಮ’ ಎಂಬುದನ್ನು ತೆಗೆದು, ಸೇರಿಸಿ ನೋಡುವುದು ಅದರ ಮೊದಲ ಪಟ್ಟುಗಳಲ್ಲೊಂದು. ನಮ್ಮ ವಿದ್ಯಾರ್ಥಿಯ ‘35 ಅಥವಾ ಅದಕ್ಕಿಂತ ಕಡಿಮೆ’ಯನ್ನು ಅದು ‘35ಕ್ಕಿಂತ ಕಡಿಮೆ’ ಎಂದು ಬದಲಿಸುತ್ತದೆ. ನಾಲ್ಕು ಪರೀಕ್ಷೆಗಳೂ ತೆಪ್ಪಗಿರುತ್ತವೆ. ಆಗ ‘ಈ ಗಡಿಯನ್ನು ನೀವು ಕಾಯುತ್ತಿಲ್ಲ’ ಎಂದು ವರದಿ ಬರುತ್ತದೆ. ತಮಾಷೆಯೆಂದರೆ, ಕೆಡಿಸಲು ಹೊರಟ ಸಲಕರಣೆ ಇಲ್ಲಿ ಪ್ರೋಗ್ರಾಮನ್ನು ಸರಿಮಾಡಿಯೇ ಬಿಟ್ಟಿದೆ!

ಪ್ರಾಜೆಕ್ಟ್ ಒಪ್ಪಿಸುವ ಮುನ್ನ

ಜೆಯುನಿಟ್, ಜಕೋಕೋ, ಪಿಟ್ ಮೂರಕ್ಕೂ ಹಣ ಕೊಡಬೇಕಿಲ್ಲ. ಸಾಧಾರಣ ಕಂಪ್ಯೂಟರಿನಲ್ಲಿಯೂ ಓಡುತ್ತವೆ. ಅಂತಿಮ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವವರು ಹೀಗೊಂದು ಕ್ರಮ ಇಟ್ಟುಕೊಳ್ಳಬಹುದು.

ಮೊದಲು ಪ್ರತಿ ತುಣುಕಿನ ಪ್ರಶ್ನೆಗಳನ್ನು ಎಣಿಸಿ ಒಂದು ಕೂಡಿಸಿ. ಹತ್ತನ್ನು ಮೀರಿದ್ದರೆ ಒಡೆಯಿರಿ. ಆ ಸಂಖ್ಯೆಯಷ್ಟಾದರೂ ಪರೀಕ್ಷೆ ಬರೆಯಿರಿ. ಪ್ರತಿಯೊಂದರಲ್ಲೂ ಉತ್ತರವನ್ನು ತಾಳೆ ನೋಡುವ ಸಾಲಿರಲಿ. ವ್ಯಾಪ್ತಿಯ ವರದಿ ತೆಗೆದಾಗ ಶೇಕಡಾವಾರನ್ನು ನೋಡಿ ಬೀಗುವ ಬದಲು ಕೆಂಪು, ಹಳದಿ ಸಾಲುಗಳನ್ನು ಹುಡುಕಿ. ಕೊನೆಯದಾಗಿ ಗಡಿಗಳನ್ನು ಪರೀಕ್ಷಿಸಿ: ನಿಯಮದಲ್ಲಿ 35 ಇದ್ದರೆ 34, 35, 36 ಮೂರನ್ನೂ, ಪಟ್ಟಿಯಿದ್ದರೆ ಖಾಲಿ ಪಟ್ಟಿಯನ್ನೂ, ಒಂದೇ ಹೆಸರಿನ ಪಟ್ಟಿಯನ್ನೂ.

ಮಕ್ಕಳ ಪ್ರೋಗ್ರಾಂ ಓದಿ ತಿಳಿಯುವುದು ಎಲ್ಲ ತಂದೆತಾಯಿಯರಿಗೆ ಸಾಧ್ಯವಾಗದು. ಆದರೆ ಕೇಳಬಹುದಾದ ಒಂದು ಪ್ರಶ್ನೆಯಿದೆ. ‘ಇದು ಯಾರ ವಿಷಯದಲ್ಲಿ ತಪ್ಪಬಹುದು?’ ಉತ್ತರ ಕೊಡಲು ಮಗನಾಗಲಿ ಮಗಳಾಗಲಿ ತುಸು ಯೋಚಿಸಿದರೆ ಕಲಿಕೆ ಸರಿದಾರಿಯಲ್ಲಿದೆ ಎಂದು ತಿಳಿಯಬಹುದು. ಏಕೆಂದರೆ ಆಗ ಅವರು ನೋಡುತ್ತಿರುವುದು ಪರದೆಯ ಮೇಲಿನ ಶೇಕಡಾವಾರನ್ನಲ್ಲ, ಸರಿಯಾಗಿ 35 ಅಂಕ ತೆಗೆದು ಫಲಿತಾಂಶಕ್ಕೆ ಕಾಯುತ್ತಿರುವ ಹುಡುಗಿಯನ್ನು. ಅವಳಿಗಾಗಿ ಬರೆಯಬೇಕಾದ ಪರೀಕ್ಷೆ ಒಂದೇ ಸಾಲಿನದು.